ಎರಡು ಕಾರ್ಬುರೇಟರ್, ಒಂದೇ ತಾಳ: ರೋಟಾಕ್ಸ್ 912ರ ಐಡಲ್ ನಡುಕ ಬಿಡಿಸಿದ ಕೆಲಸ

ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಪೂರ್ತಿ ಹಿಂದೆಳೆದು ನಿಧಾನವಾಗಿ ಓಡಲು ಬಿಟ್ಟಾಗ, ಎಂಜಿನ್ ನಡುಗುತ್ತಿತ್ತು. 1700 ಆರ್‌ಪಿಎಂ ಹತ್ತಿರ ಬಿಟ್ಟರೆ ಇಡೀ ವಿಮಾನ ಚಳಿಜ್ವರ ಬಂದವರ ಹಾಗೆ ಅದುರುತ್ತಿತ್ತು. ಜೊತೆಗೆ ಗೇರ್‌ಬಾಕ್ಸ್‌ನಿಂದ ಕಟಕಟ ಸದ್ದು ಬೇರೆ. ಥ್ರಾಟಲ್ ಕೊಟ್ಟು 3000 ದಾಟಿಸಿದರೆ ಮಾತ್ರ ಏನೂ ಆಗಿಲ್ಲ ಅನ್ನುವಷ್ಟು ನುಣ್ಣಗೆ ಓಡುತ್ತಿತ್ತು. ವಿಮಾನ ಕೆಲವು ತಿಂಗಳು ಹಾರದೆ ನಿಂತಿತ್ತು. ಅದಾದ ಮೇಲೆ ಶುರುವಾದ ತೊಂದರೆ ಇದು.

ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್. 100 ಕುದುರೆಶಕ್ತಿ, ಎದುರುಬದುರು ಮಲಗಿದ ನಾಲ್ಕು ಸಿಲಿಂಡರ್. ಬಲಗಡೆ 1 ಮತ್ತು 3, ಎಡಗಡೆ 2 ಮತ್ತು 4. ಒಂದೊಂದು ಕಡೆಗೆ ಒಂದೊಂದು ಬಿಂಗ್ 64 ಕಾರ್ಬುರೇಟರ್, ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಸಾಧನ. ಎರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಎಳೆಯಬೇಕು. ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಆ ಎಳೆದಾಟದ ಪೆಟ್ಟು ಬೀಳುವುದು ಗೇರ್‌ಬಾಕ್ಸ್ ಮೇಲೆ. ಈ ಎಂಜಿನ್‌ನಲ್ಲಿ ಪ್ರೊಪೆಲ್ಲರ್ ನೇರವಾಗಿ ಎಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕ್‌ಗೆ, ಕೂತಿಲ್ಲ. 2.43ಕ್ಕೆ 1ರ ಲೆಕ್ಕದಲ್ಲಿ ವೇಗ ಇಳಿಸುವ ಗೇರ್ ನಡುವೆ ಇದೆ. ಐಡಲ್ ತಾಳ ತಪ್ಪಿದಾಗ ಆ ಗೇರಿನ ಹಲ್ಲುಗಳು ಹಿಂದೆ ಮುಂದೆ ಬಡಿದುಕೊಳ್ಳುತ್ತವೆ. ಕಟಕಟ ಸದ್ದು ಅದೇ. "ಹಾರುವಾಗ ಸರಿ ಇದೆಯಲ್ಲ, ಐಡಲ್ ತಾನೇ" ಅಂತ ಸುಮ್ನೆ ಬಿಡುವ ಹಾಗಿಲ್ಲ.

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಮಾತು. ವಿಮಾನದ ಎಂಜಿನ್ ಮೇಲೆ ಯಾರು ಕೆಲಸ ಮಾಡಬಹುದು, ಯಾರು ಸಹಿ ಹಾಕಬೇಕು ಅನ್ನುವುದು ದೇಶದಿಂದ ದೇಶಕ್ಕೆ, ವಿಮಾನದಿಂದ ವಿಮಾನಕ್ಕೆ ಬೇರೆ. ನಾನು ಮಾಡಿದ ಪ್ರತಿಯೊಂದನ್ನೂ ಸಹಿ ಹಾಕುವ ಅಧಿಕಾರ ಇರುವ ಗೆಳೆಯ ಪಕ್ಕದಲ್ಲೇ ನಿಂತು ನೋಡಿದ್ದಾನೆ. ತಯಾರಕರ ಮ್ಯಾನುಯಲ್ ಮೇಜಿನ ಮೇಲೆ ತೆರೆದೇ ಇತ್ತು.

ಮೊದಲ ದಿನ ಸ್ಪ್ಯಾನರ್ ಮುಟ್ಟಲಿಲ್ಲ. ಯೋಚನೆ ಮಾತ್ರ.

ಬಿಂಗ್ 64 ಕೆಲಸ ಮಾಡುವ ಬಗೆ ಗೊತ್ತಿದ್ದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ. ನಾವು ಥ್ರಾಟಲ್ ತಳ್ಳಿದಾಗ ತಿರುಗುವುದು ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಚಿಟ್ಟೆ ಕವಾಟ ಒಂದೇ. ಸೂಜಿ ಹಿಡಿದ ಪಿಸ್ಟನ್‌ಗೆ ನಮ್ಮ ಕೇಬಲ್ ಕಟ್ಟಿಲ್ಲ. ಗಾಳಿಯ ಎಳೆತ ಹೆಚ್ಚಿದ ಹಾಗೆ, ಮೇಲಿನ ರಬ್ಬರ್ ಡಯಾಫ್ರಮ್ ಅದನ್ನು ತಾನಾಗಿಯೇ ಎತ್ತುತ್ತದೆ. ಪಿಸ್ಟನ್ ಮೇಲೆದ್ದರೆ ಮೇನ್ ಜೆಟ್‌ನಿಂದ ಪೆಟ್ರೋಲ್ ಬರುತ್ತದೆ. ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು. ಐಡಲ್‌ನಲ್ಲಿ ಪಿಸ್ಟನ್ ಕೆಳಗೆ ಕೂತಿರುತ್ತದೆ. ಆಗ ಎಂಜಿನ್ ಬದುಕುವುದು ಐಡಲ್ ಜೆಟ್ ಕೊಡುವ ಚೂರೇ ಚೂರು ಪೆಟ್ರೋಲ್ ಮೇಲೆ. ನಮ್ಮ ತೊಂದರೆ ಐಡಲ್‌ನಲ್ಲಿ ಮಾತ್ರ ಇತ್ತು, ಮೇಲೆ ಇರಲಿಲ್ಲ. ಹಾಗಾದರೆ ಮೇನ್ ಜೆಟ್, ಸೂಜಿ, ಡಯಾಫ್ರಮ್ ಮೇಲೆ ಅನುಮಾನ ಕಡಿಮೆ. ಉಳಿದದ್ದು ಮೂರು: ಐಡಲ್ ಜೆಟ್ ದಾರಿ ಕಟ್ಟಿರಬೇಕು, ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿರಬೇಕು, ಇಲ್ಲವೇ ಎರಡು ಚಿಟ್ಟೆ ಕವಾಟ ಸಮವಾಗಿ ಮುಚ್ಚುತ್ತಿಲ್ಲ.

ಯಾವ ಕಡೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ತಣ್ಣಗಿರುವ ಎಂಜಿನ್ ಶುರು ಮಾಡಿ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟೆವು. ಆಫ್ ಮಾಡಿ, ಪ್ರೊಪೆಲ್ಲರ್ ಪೂರ್ತಿ ನಿಂತು, ಕಿಡಿ ಕೊಡುವ ಎರಡೂ ಇಗ್ನಿಷನ್‌ನ ಸ್ವಿಚ್ ಆಫ್ ಇದೆ ಅಂತ ಕಣ್ಣಾರೆ ನೋಡಿದ ಮೇಲೆ, ನಾಲ್ಕು ಎಕ್ಸಾಸ್ಟ್ ಪೈಪಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಬಲಗಡೆಯ ಎರಡೂ 200 ಡಿಗ್ರಿ ದಾಟಿದ್ದವು. ಎಡಗಡೆಯ ಎರಡೂ 150ರ ಆಸುಪಾಸು. ಒಂದೇ ಸಿಲಿಂಡರ್ ತಣ್ಣಗಿದ್ದರೆ ಪ್ಲಗ್ಗೋ ವೈರೋ ಅನ್ನಬಹುದಿತ್ತು. ಒಂದು ಕಡೆಯ ಎರಡೂ ತಣ್ಣಗಿದ್ದರೆ ಬೆರಳು ತೋರುವುದು ಆ ಕಡೆಯ ಕಾರ್ಬುರೇಟರ್ ಕಡೆಗೇ, ಅಲ್ವಾ?

ಇನ್ನೊಂದು ಪರೀಕ್ಷೆ ಚೋಕ್‌ನದು. ಇದು ಗಾಳಿ ಮುಚ್ಚುವ ಚೋಕ್ ಅಲ್ಲ. ಶುರು ಮಾಡುವಾಗ ಹೆಚ್ಚಿನ ಪೆಟ್ರೋಲ್ ಕೊಡುವ ಬೇರೆಯೇ ದಾರಿ. ಥ್ರಾಟಲ್ ಪೂರ್ತಿ ಹಿಂದಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಐಡಲ್‌ನಲ್ಲಿ ಲಿವರ್ ಸ್ವಲ್ಪ ಎಳೆದಾಗ ನಡುಕ ಕಡಿಮೆಯಾಯಿತು. ಪೆಟ್ರೋಲ್ ಸಾಲದೆ ಎಡಗಡೆ ಲೀನ್ ಆಗಿದೆ ಅಂತ ಅರ್ಥ.

ಈ ಹಂತದಲ್ಲಿ ಕೈ ತುರಿಸುತ್ತದೆ. ಐಡಲ್‌ನಲ್ಲಿ ಪೆಟ್ರೋಲ್ ಎಷ್ಟು ಬೆರೆಯಬೇಕು ಅಂತ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಹೊರಗೇ ಕಾಣುತ್ತದೆ, ಅರ್ಧ ಸುತ್ತು ಬಿಚ್ಚಿದರೆ ಪೆಟ್ರೋಲ್ ಜಾಸ್ತಿ ಆಗುತ್ತದೆ, ನಡುಕವೂ ಸ್ವಲ್ಪ ತಗ್ಗುತ್ತದೆ. ಆದರೆ ಕಟ್ಟಿದ ದಾರಿ ಕಟ್ಟಿದ ಹಾಗೇ ಇರುತ್ತದೆ. ಸ್ಕ್ರೂ ಕೊನೆಗೆ. ಕೊಳಕು, ಬಿರುಕು, ಸಡಿಲ ಇವು ಮೊದಲು. ಈ ಕೆಲಸದಲ್ಲಿ ನಾನು ಬಲವಾಗಿ ನಂಬಿರುವುದು ಇದೊಂದನ್ನೇ.

ಮರುದಿನ ಬೆಳಿಗ್ಗೆ ಬಿಚ್ಚಲು ಕೂತೆವು. ಚಕ್ರಕ್ಕೆ ತಡೆ, ಪೆಟ್ರೋಲ್ ಟ್ಯಾಪ್ ಬಂದ್, ಬ್ಯಾಟರಿಯ ನೆಗೆಟಿವ್ ವೈರ್ ಹೊರಗೆ, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಈ ಎಂಜಿನ್‌ನಲ್ಲಿ ಇಗ್ನಿಷನ್ ಆಫ್ ಮಾಡುವುದು ಅಂದರೆ ವೈರನ್ನು ಅರ್ಥ್ ಮಾಡುವುದು. ಆ ವೈರ್ ಎಲ್ಲಾದರೂ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಕಿಡಿ ಹಾರಬಹುದು. ಹಾಗಾಗಿ ಪ್ರೊಪೆಲ್ಲರ್ ಯಾವಾಗಲೂ ತಿರುಗಬಹುದು ಅಂದುಕೊಂಡೇ ಅದರ ಹತ್ತಿರ ಹೋಗಬೇಕು.

ಕಾರ್ಬುರೇಟರ್ ಕೂತಿರುವುದು ಒಂದು ರಬ್ಬರ್ ಸಾಕೆಟ್ ಮೇಲೆ. ಕ್ಲಾಂಪ್ ಸಡಿಲಿಸಿ, ಕೇಬಲ್ ಮತ್ತು ಪೆಟ್ರೋಲ್ ಪೈಪ್ ಬಿಡಿಸಿ, ಮೆಲ್ಲಗೆ ಆಡಿಸುತ್ತಾ ಎಳೆದರೆ ಕೈಗೆ ಬರುತ್ತದೆ. ಎರಡನ್ನೂ ತೆಗೆದೆ. ತೊಂದರೆ ಎಡಗಡೆಯದ್ದೇ ಆದರೂ ಬಲಗಡೆಯದು ಹೋಲಿಸಿ ನೋಡಲು ಬೇಕು. ಎರಡು ತಟ್ಟೆ ಇಟ್ಟುಕೊಂಡು, ಎಡದ ಭಾಗ ಎಡದ ತಟ್ಟೆಗೆ, ಬಲದ್ದು ಬಲದ್ದಕ್ಕೆ. ಬೆರೆಸಬಾರದು.

ರಬ್ಬರ್ ಸಾಕೆಟ್ ಹೆಬ್ಬೆರಳಿನಿಂದ ಬಗ್ಗಿಸಿ ನೋಡಿದೆ. ರಬ್ಬರ್ ಲೋಹಕ್ಕೆ ಅಂಟಿಕೊಂಡ ಅಂಚಿನಲ್ಲಿ, ಎಡಗಡೆಯದರಲ್ಲಿ, ಕೂದಲೆಳೆಯಂಥ ಬಿರುಕುಗಳು. ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಬಗ್ಗಿಸಿದಾಗ ಬಾಯಿ ಬಿಡುತ್ತವೆ. ಲಾಗ್‌ಬುಕ್ ತಿರುವಿದರೆ ಐದು ವರ್ಷದ ಗಡುವು ಹತ್ತಿರದಲ್ಲೇ ಇತ್ತು. ಪೆಟ್ರೋಲ್ ಪೈಪ್, ಈ ಸಾಕೆಟ್, ಡಯಾಫ್ರಮ್ ಇಂಥ ರಬ್ಬರ್ ಭಾಗಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು ರೋಟಾಕ್ಸ್ ನಿಯಮ. ಹಾರಿದ ಗಂಟೆ ಎಷ್ಟೇ ಇರಲಿ, ರಬ್ಬರ್‌ಗೆ ವಯಸ್ಸಾಗುವುದು ಕ್ಯಾಲೆಂಡರ್ ನೋಡಿಕೊಂಡು. ಎಲ್ಲ ರಬ್ಬರ್ ಭಾಗಕ್ಕೂ ಅಂದೇ ಪಟ್ಟಿ ಬರೆದು ತರಿಸಿಕೊಂಡೆವು. ಅವು ಬರುವ ತನಕ ಉಳಿದ ತಪಾಸಣೆ.

ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಹಿಡಿದಿರುವುದು ಒಂದು ತಂತಿ ಕ್ಲಿಪ್. ಅದನ್ನು ಸರಿಸಿದರೆ ಬೌಲ್ ಕೈಗಿಳಿಯುತ್ತದೆ. ಚೆಲ್ಲದ ಹಾಗೆ ಸಮವಾಗಿ ಹಿಡಿದು, ಒಳಗಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದೆ. ನೀರಿನ ಹನಿ ಇರಲಿಲ್ಲ. ಆದರೆ ಎಡದ ಬೌಲಿನ ತಳದಲ್ಲಿ ಕಂದು ಬಣ್ಣದ ತೆಳು ಪದರ, ಬೆರಳು ಸವರಿದರೆ ಅಂಟುತ್ತಿತ್ತು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆವಿಯಾಗಿ ಹೋಗಿ ಬಿಟ್ಟುಹೋದ ಅಂಟು ಅದು.

ಬೌಲಿನ ಪೆಟ್ರೋಲ್ ಮಟ್ಟ ಕಾಯುವ ತೇಲುಗಳನ್ನು, ಅಂದರೆ ಫ್ಲೋಟ್‌ಗಳನ್ನು, ತೂಗಿದೆ. ಪ್ರತಿ ಬೌಲಿನಲ್ಲಿ ಎರಡು ಫ್ಲೋಟ್, ತಮ್ಮ ತಮ್ಮ ಕಡ್ಡಿಯ ಮೇಲೆ ಬೇರೆ ಬೇರೆಯಾಗಿ ಏರಿ ಇಳಿಯುತ್ತವೆ. ಫ್ಲೋಟ್ ಪೆಟ್ರೋಲ್ ಹೀರಿ ಭಾರವಾದರೆ ಮುಳುಗುತ್ತದೆ, ಬೌಲಿನ ಮಟ್ಟ ಏರುತ್ತದೆ, ಪೆಟ್ರೋಲ್ ಹೆಚ್ಚಾಗಿ ಎಂಜಿನ್ ರಿಚ್ ಆಗುತ್ತದೆ, ಕೊನೆಗೆ ಗಾಳಿ ಕೊಳವೆಯಿಂದ ಪೆಟ್ರೋಲ್ ಸೋರುತ್ತದೆ. ಒಂದು ಕಾರ್ಬುರೇಟರಿನ ಎರಡೂ ಫ್ಲೋಟ್ ಸೇರಿ 7 ಗ್ರಾಂ ದಾಟಬಾರದು. ಒರೆಸಿ ಒಣಗಿಸಿ, ದಶಮಾಂಶ ತೋರಿಸುವ ಚಿಕ್ಕ ತಕ್ಕಡಿಯಲ್ಲಿಟ್ಟರೆ ಎಡದ ಜೋಡಿ 6.2, ಬಲದ್ದು 6.1. ಎರಡೂ ಸರಿ. ಫ್ಲೋಟ್ ಕಡ್ಡಿಗಳು ನೆಟ್ಟಗಿದ್ದವು. ಬೌಲಿಗೆ ಬರುವ ಪೆಟ್ರೋಲ್ ತಡೆಯುವ ಸೂಜಿ ಕವಾಟದ ತುದಿಯಲ್ಲಿ ಉಂಗುರದಂತೆ ಸವೆದ ಗುರುತು ಇರಲಿಲ್ಲ.

ಈಗ ಐಡಲ್ ಜೆಟ್. ಬೌಲ್ ತೆಗೆದ ಮೇಲೆ ಕೆಳಗಿನಿಂದ ಕಾಣುವ ಸಣ್ಣ ಹಿತ್ತಾಳೆ ತುಂಡು, ಮೈಮೇಲೆ ಒಂದು ಓ-ರಿಂಗ್, ಸೋರದ ಹಾಗೆ ತಡೆಯುವ ರಬ್ಬರ್ ಉಂಗುರ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಹಿತ್ತಾಳೆ ಮೆದು, ಜಾರಿದರೆ ಸ್ಕ್ರೂಡ್ರೈವರ್ ಕೂರುವ ಸೀಳು ಕಿತ್ತುಹೋಗುತ್ತದೆ. ಅದರ ನಂಬರ್ 35, ಅಂದರೆ ತೂತು 0.35 ಮಿಲಿಮೀಟರ್. ಬಲಗಡೆಯ ಜೆಟ್ ಕಿಟಕಿಯ ಬೆಳಕಿಗೆ ಹಿಡಿದೆ. ಸೂಜಿಮೊನೆಯಷ್ಟು ದುಂಡನೆಯ ಬೆಳಕಿನ ಚುಕ್ಕೆ. ಎಡಗಡೆಯದನ್ನು ಹಿಡಿದೆ. ದುಂಡು ಇಲ್ಲ, ಬಿದಿಗೆ ಚಂದ್ರನ ಹಾಗೆ ಒಂದು ತೆಳು ಗೀರು. ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಗೆಳೆಯನಿಗೂ ಕೊಟ್ಟೆ. ಅವನು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟೇ ಇಷ್ಟು ಕೊಳೆ ಕಣೋ ಇಡೀ ವಿಮಾನ ಅಲ್ಲಾಡಿಸಿದ್ದು" ಅಂದ.

ಇದನ್ನು ತಂತಿ ಹಾಕಿ ತಿವಿಯಬಾರದು. ತಂತಿ ಒಳಗೆ ಗೀರಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಆ ಜೆಟ್ 35 ಆಗಿ ಉಳಿಯುವುದಿಲ್ಲ. ಕಾರ್ಬುರೇಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಗಾಳಿ ಒತ್ತಿ ಊದಿದೆ. ಮತ್ತೆ ಬೆಳಕಿಗೆ ಹಿಡಿದಾಗ ಚುಕ್ಕೆ ದುಂಡಗಿತ್ತು. ಜೆಟ್ ಕೂರುವ ದಾರಿಗೂ ಕ್ಲೀನರ್ ಬಿಟ್ಟು ಊದಿದೆ. ಓ-ರಿಂಗ್ ಹೊಸದು.

ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುಂಚೆ ಎಷ್ಟು ಸುತ್ತು ತೆರೆದಿದೆ ಅಂತ ಎಣಿಸಬೇಕು. ಮೆಲ್ಲಗೆ ಒಳಗೆ ತಿರುಗಿಸುತ್ತಾ, ತಳ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಬಲಗಡೆ ಒಂದೂವರೆ ಸುತ್ತು, ಮ್ಯಾನುಯಲ್ ಹೇಳುವ ಆರಂಭದ ಅಳತೆಯೇ. ಎಡಗಡೆ ಎರಡೂಕಾಲು. ಹಿಂದೆ ಯಾರೋ ಪೆಟ್ರೋಲ್ ಸಾಲುತ್ತಿಲ್ಲ ಅಂತ ಸ್ಕ್ರೂ ಬಿಚ್ಚಿದ್ದಾರೆ. ಜೆಟ್ ನೋಡಿಲ್ಲ. ನಡುಕ ಆಗ ತಗ್ಗಿರಬೇಕು, ಅಂಟು ಇನ್ನಷ್ಟು ಕಟ್ಟಿದ ಮೇಲೆ ವಾಪಸ್ ಬಂದಿದೆ. ಎರಡನ್ನೂ ಒಂದೂವರೆಗೆ ತಂದೆ.

ಮೇಲಿನ ಮುಚ್ಚಳದ ಕೆಲಸ ಬೇಗ ಆಯಿತು. ಎರಡು ಸ್ಕ್ರೂ, ಒಂದು ಸ್ಪ್ರಿಂಗ್, ಅದರ ಕೆಳಗೆ ಡಯಾಫ್ರಮ್ ಹೊತ್ತ ಪಿಸ್ಟನ್. ಹಳೆಯ ಡಯಾಫ್ರಮ್‌ನಲ್ಲಿ ತೂತು ಇರಲಿಲ್ಲ, ಆದರೂ ಗಡುವಿನ ಲೆಕ್ಕಕ್ಕೆ ಹೊಸದು ಹಾಕಿದೆವು. ಅದರ ಅಂಚಿನಲ್ಲಿ ಒಂದು ಚಿಕ್ಕ ಉಬ್ಬು ಇರುತ್ತದೆ, ಕಾರ್ಬುರೇಟರ್ ಮೈಯಲ್ಲಿ ಅದಕ್ಕೊಂದು ಗುಳಿ ಇದೆ. ಅಲ್ಲೇ ಕೂರಬೇಕು. ಮುಚ್ಚಿದ ಮೇಲೆ ಬೆರಳಿನಿಂದ ಪಿಸ್ಟನ್ ಎತ್ತಿ ಬಿಟ್ಟು ನೋಡಿದೆ. ಎರಡೂ ಎಲ್ಲೂ ತಡೆಯದೆ, ಒಂದೇ ಗತಿಯಲ್ಲಿ ಇಳಿದವು.

ಬೌಲ್‌ನ ಗಾಳಿ ಕೊಳವೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಎರಡು ತೆಳು ಪೈಪ್‌ಗಳ ಬಾಯಿ, ಕಾರ್ಬುರೇಟರ್ ಗಾಳಿ ಎಳೆದುಕೊಳ್ಳುವ ಜಾಗದ ಒತ್ತಡದಲ್ಲೇ ಇರಬೇಕು. ಹಾರುವಾಗ ಗಾಳಿ ರಭಸವಾಗಿ ಬಡಿಯುವಲ್ಲಿ ಬಿಟ್ಟರೆ ಬೌಲಿನ ಒಳಗಿನ ಒತ್ತಡ ಬದಲಾಗುತ್ತದೆ, ಅದರ ಜೊತೆಗೆ ಮಿಕ್ಸ್ಚರ್ ಕೂಡ ಕೆಡುತ್ತದೆ. ನೆಲದ ಮೇಲೆ ಎಷ್ಟು ಹುಡುಕಿದರೂ ಸಿಗದ ತೊಂದರೆ ಅದು. ವಾಪಸ್ ಕೂರಿಸುವಾಗ ಪೈಪ್ ಮಡಚಿಕೊಂಡಿಲ್ಲ, ಇದ್ದ ಜಾಗಕ್ಕೇ ಬಂದಿದೆ ಅಂತ ನೋಡಿಕೊಂಡೆವು.

ಹೊಸ ಸಾಕೆಟ್ ಹಾಕಿ, ಕಾರ್ಬುರೇಟರ್ ಕೂರಿಸಿ, ಕೇಬಲ್ ಜೋಡಿಸುವ ಹೊತ್ತಿಗೆ ಇನ್ನೊಂದು ಸಂಗತಿ ಸಿಕ್ಕಿತು. ಕೇಬಲ್ ತುಂಡಾದರೆ ಎಂಜಿನ್ ಆರದಿರಲಿ, ಪೂರ್ತಿ ಶಕ್ತಿಯಲ್ಲೇ ಓಡುತ್ತಿರಲಿ ಅಂತ ಸ್ಪ್ರಿಂಗ್ ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತದೆ. ಮುಚ್ಚುವ ಕಡೆಗೆ ಎಳೆಯುವುದು ಕೇಬಲ್. ಹಾಗಾಗಿ ಕೇಬಲ್ ಸಡಿಲವಾದರೆ ಆ ಕಡೆಯ ಕವಾಟ ಪೂರ್ತಿ ಮುಚ್ಚುವುದಿಲ್ಲ. ಎಡಗಡೆಯ ಅಡ್ಜಸ್ಟರಿನ ಲಾಕ್‌ನಟ್ ಬೆರಳಲ್ಲೇ ತಿರುಗಿತು. ಕೇಬಲ್‌ನ ಹೊರಕವಚ ಅಷ್ಟು ದೂರ ಸರಿದಿತ್ತು. ಜೆಟ್ ಕಟ್ಟಿ ಪೆಟ್ರೋಲ್ ಕಡಿಮೆ, ಕವಾಟ ಮುಚ್ಚದೆ ಗಾಳಿ ಜಾಸ್ತಿ, ಸಾಕೆಟ್ ಬಿರುಕಿನಿಂದ ಇನ್ನೂ ಸ್ವಲ್ಪ ಗಾಳಿ. ಮೂರೂ ಎಡಗಡೆಯೇ.

ಮೊದಲು ಕೈಯಿಂದ ಮಾಡುವ ಹೊಂದಾಣಿಕೆ. ಎರಡೂ ಕಡೆಯ ಐಡಲ್ ಸ್ಪೀಡ್ ಸ್ಕ್ರೂವನ್ನು ಥ್ರಾಟಲ್ ಲಿವರನ್ನು ಬರೀ ಮುಟ್ಟುವಷ್ಟಕ್ಕೆ ಬಿಚ್ಚಿ, ಮುಟ್ಟಿದಲ್ಲಿಂದ ಒಂದೂವರೆ ಸುತ್ತು ಒಳಗೆ. ಸ್ಕ್ರೂ ಮತ್ತು ಲಿವರ್ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಗೆಳೆಯ ಒಳಗಿನಿಂದ ಥ್ರಾಟಲ್ ಮೆಲ್ಲಗೆ ತಳ್ಳಿದ. ಎರಡು ಕಾಗದವೂ ಒಂದೇ ಗಳಿಗೆಯಲ್ಲಿ ಸಡಿಲವಾಗಬೇಕು. ಎರಡು ಕೈಯಲ್ಲಿ ಎರಡು ಪಟ್ಟಿ ಎಳೆದು ಹಿಡಿದರೆ ಕಣ್ಣಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಮೊದಲ ಸಲ ಎಡದ್ದು ಮುಂಚೆ ಬಂತು. ಅಡ್ಜಸ್ಟರ್ ಕಾಲು ಸುತ್ತು, ಮತ್ತೆ ಅರೆಕಾಲು ಸುತ್ತು. ನಾಲ್ಕನೇ ಸಲಕ್ಕೆ ಎರಡೂ ಒಟ್ಟಿಗೆ ಕೈಗೆ ಬಂದವು. ಪೂರ್ತಿ ತೆರೆದಾಗಲೂ ಎರಡೂ ಲಿವರ್ ತುದಿ ಮುಟ್ಟುತ್ತವೆ ಅಂತ ನೋಡಿದೆವು. ಚೋಕ್ ಕೇಬಲ್‌ಗೆ ಚೂರು ಸಡಿಲ ಇರಲೇಬೇಕು, ಬಿಗಿಯಾಗಿದ್ದರೆ ಪೂರ್ತಿ ಮುಚ್ಚದೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅದು ಸರಿ ಇತ್ತು.

ಆಮೇಲೆ ಗೇಜ್. ಎರಡು ಕಡೆಯ ಇನ್‌ಟೇಕ್ ಪೈಪ್‌ಗಳನ್ನು ಜೋಡಿಸುವ ಒಂದು ಸಮತೋಲನ ಕೊಳವೆ ಇದೆ. ಒಂದು ಕಡೆ ಕೊರತೆ ಬಿದ್ದರೆ ಇನ್ನೊಂದು ಕಡೆಯಿಂದ ತುಂಬಿಕೊಡುತ್ತದೆ. ಒಳ್ಳೆಯದೇ, ಆದರೆ ಅದು ತಪ್ಪನ್ನು ಮುಚ್ಚಿಯೂ ಹಾಕುತ್ತದೆ. ಹಾಗಾಗಿ ಅಳೆಯುವಾಗ ಅದನ್ನು ಬಿಡಿಸಿ, ಎರಡೂ ಬಾಯಿಗೆ ಒಂದೊಂದು ವ್ಯಾಕ್ಯೂಮ್ ಗೇಜ್ ಹಾಕಬೇಕು. ಗೇಜ್‌ಗಳನ್ನೇ ಮೊದಲು ಪರೀಕ್ಷಿಸಿದೆವು. ಒಂದು ಟೀ ಜೋಡಣೆ ಹಾಕಿ ಎರಡನ್ನೂ ಒಂದೇ ಬಾಯಿಗೆ ಕೊಟ್ಟರೆ ಮುಳ್ಳುಗಳು ಒಂದೇ ಕಡೆ ನಿಲ್ಲಬೇಕು. ನಮ್ಮದರಲ್ಲಿ ಅರ್ಧ ಗೆರೆ ವ್ಯತ್ಯಾಸ ಇತ್ತು. ಅದನ್ನು ಗೇಜ್ ಮೇಲೆಯೇ ಪೆನ್ನಿನಿಂದ ಬರೆದಿಟ್ಟೆ.

ವಿಮಾನದ ಬಾಲ ಕಟ್ಟಿ, ಗೆಳೆಯ ಬ್ರೇಕ್ ಮೇಲೆ ಕಾಲಿಟ್ಟು ಕೂತ. 2000ದಲ್ಲಿ ಎರಡು ನಿಮಿಷ, ಆಮೇಲೆ 2500ರಲ್ಲಿ ಆಯಿಲ್ 50 ಡಿಗ್ರಿ ಮುಟ್ಟುವ ತನಕ. ತಣ್ಣಗಿನ ಎಂಜಿನ್ ಮೇಲೆ ಮಾಡಿದ ಹೊಂದಾಣಿಕೆ ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂ ತಿರುಗಿಸುವವರಿದ್ದಾರೆ. ನಾನು ಪ್ರತಿ ಸಲ ಆಫ್ ಮಾಡಿಸಿಯೇ ಕೈ ಹಾಕಿದೆ. ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿಯಿತು. ಹಿಡಿಯಲಿ. ತಿರುಗುವ ಪ್ರೊಪೆಲ್ಲರ್‌ನ ಹಿಂದೆ ಒಂದು ಮೊಳ ದೂರದಲ್ಲಿ ಕೈಯಾಡಿಸಲು ನನಗೆ ಮನಸ್ಸಿಲ್ಲ.

ಗೇಜ್ ಓದುವುದು ಹೀಗೆ: ಎಳೆತ ಕಡಿಮೆ ತೋರಿಸುವ ಕಡೆಯ ಕವಾಟ ಹೆಚ್ಚು ತೆರೆದಿದೆ. ಐಡಲ್‌ನಲ್ಲಿ ವ್ಯತ್ಯಾಸ ಇದ್ದರೆ ಐಡಲ್ ಸ್ಪೀಡ್ ಸ್ಕ್ರೂ, 2500ರಲ್ಲಿ ವ್ಯತ್ಯಾಸ ಇದ್ದರೆ ಕೇಬಲ್ ಅಡ್ಜಸ್ಟರ್. ನಮ್ಮದು ಐಡಲ್‌ನಲ್ಲಿ ಎರಡು ಗೆರೆ ದೂರ ಇತ್ತು. ಒಂದು ಕಡೆ ಚೂರು ಒಳಗೆ, ಇನ್ನೊಂದು ಕಡೆ ಅಷ್ಟೇ ಹೊರಗೆ ತಿರುಗಿಸಿದರೆ ಒಟ್ಟು ಆರ್‌ಪಿಎಂ ಬದಲಾಗುವುದಿಲ್ಲ. ಎರಡು ಸಲಕ್ಕೆ ಮುಳ್ಳು ಸಮ. 2500ರಲ್ಲಿ ಮತ್ತೆ ಒಂದು ಗೆರೆ ದೂರ, ಅಡ್ಜಸ್ಟರ್ ತಿರುಗಿಸಿ ಅದನ್ನೂ ಸರಿ ಮಾಡಿ, ಐಡಲ್‌ಗೆ ವಾಪಸ್ ಬಂದು ನೋಡಿದೆವು. ಅಡ್ಜಸ್ಟರ್ ಮುಟ್ಟಿದ ಮೇಲೆ ಐಡಲ್ ನೋಡಲೇಬೇಕು. ಕೊನೆಗೆ ಗೇಜ್‌ಗಳ ಪೈಪ್ ಅದಲುಬದಲು ಮಾಡಿ ಇನ್ನೊಮ್ಮೆ ಓಡಿಸಿದೆ. ಅದೇ ಅರ್ಧ ಗೆರೆ ಬಿಟ್ಟರೆ ಬೇರೆ ವ್ಯತ್ಯಾಸ ಇರಲಿಲ್ಲ.

ಸಮತೋಲನ ಕೊಳವೆ ವಾಪಸ್ ಹಾಕಿ ಕ್ಲಾಂಪ್ ಬಿಗಿದು ಶುರು ಮಾಡಿದಾಗ ಐಡಲ್ 1750ರಲ್ಲಿ ನಿಂತಿತು. ಕಟಕಟ ಇಲ್ಲ. ಗೆಳೆಯ ಒಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿ, ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟ. 4000ದಲ್ಲಿ ಇಗ್ನಿಷನ್ ಒಂದೊಂದಾಗಿ ಆಫ್ ಮಾಡಿ ನೋಡಿದೆವು. ಒಂದರಲ್ಲಿ 160 ಆರ್‌ಪಿಎಂ ಇಳಿಯಿತು, ಇನ್ನೊಂದರಲ್ಲಿ 180. 300ರ ಒಳಗಿರಬೇಕು, ಎರಡರ ನಡುವಿನ ವ್ಯತ್ಯಾಸ 115 ದಾಟಬಾರದು.

ಎಂಜಿನ್ ಆಫ್ ಮಾಡಿ, ಬೌಲ್‌ಗಳ ಕೆಳಗೆ ಬಿಳಿ ಬಟ್ಟೆ ಹಾಸಿ, ಎಲೆಕ್ಟ್ರಿಕ್ ಪಂಪ್ ಮೂರು ನಿಮಿಷ ಓಡಿಸಿದೆವು. ಬಟ್ಟೆ ಒಣಗಿಯೇ ಇತ್ತು. ಎಲ್ಲ ಲಾಕ್‌ನಟ್ ಬಿಗಿದು, ನಟ್‌ನಿಂದ ಅಡ್ಜಸ್ಟರ್ ಮೇಲೆ ಹಾದುಹೋಗುವ ಹಾಗೆ ಕೆಂಪು ಬಣ್ಣದ ಗೆರೆ ಎಳೆದೆ. ಗೆಳೆಯ ಎಲ್ಲವನ್ನೂ ಮತ್ತೊಮ್ಮೆ ಮುಟ್ಟಿ ನೋಡಿ ಲಾಗ್‌ಬುಕ್‌ಗೆ ಸಹಿ ಹಾಕಿದ. ಮೊದಲ ಹಾರಾಟ ರನ್‌ವೇ ಮೇಲಿನ ಆಕಾಶದಲ್ಲೇ ಸುತ್ತುತ್ತಾ ಅರ್ಧ ಗಂಟೆ.

ಇಳಿದ ಮೇಲೆ ಎಂಜಿನ್ ಮುಚ್ಚುವ ಕವಚ, ಕೌಲಿಂಗ್, ತೆಗೆದೆ. ಕೆಂಪು ಗೆರೆಗಳು ಎಲ್ಲೂ ಮುರಿದಿರಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಸಂಜೆ ಮತ್ತೆ ಒಂದು ನಿಮಿಷ ಐಡಲ್ ಓಡಿಸಿ ಪೈಪ್‌ಗಳಿಗೆ ಥರ್ಮಾಮೀಟರ್ ಹಿಡಿದೆ. ಬಲಗಡೆ 208, 203. ಎಡಗಡೆ 205, 201. ಇನ್ನು ಮುಂದೆ ವಿಮಾನ ಹೆಚ್ಚು ದಿನ ನಿಲ್ಲುವುದಾದರೆ ಎರಡೂ ಬೌಲ್ ಇಳಿಸಿ ಖಾಲಿ ಮಾಡಿಯೇ ನಿಲ್ಲಿಸುವುದು ಅಂತ ಲಾಗ್‌ಬುಕ್‌ನ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ. ತಂತಿ ಕ್ಲಿಪ್ ಎರಡೇ ಅಲ್ವಾ, ಹತ್ತು ನಿಮಿಷದ ಕೆಲಸ.